ಮೊದಲು ನಿದ್ದೆ, ಆಮೇಲೆ ತಲೆಬಿಸಿ: ಆನ್‌ಲೈನ್ ಥೆರಪಿಗೆ ಕೂರುವವರಿಗೆ

ನಮ್ಮ ಕರಾವಳಿಯ ಕಡೆ ‘ತಲೆಬಿಸಿ’ ಅನ್ನುವ ಒಂದೇ ಶಬ್ದ ಎಷ್ಟೋ ಕೆಲಸ ಮಾಡುತ್ತದೆ. ಮಗಳ ಮದುವೆಯ ಚಿಂತೆಯೂ ತಲೆಬಿಸಿ, ಬಸ್ಸು ತಪ್ಪಿದ ಕಿರಿಕಿರಿಯೂ ತಲೆಬಿಸಿ, ರಾತ್ರಿ ಎರಡು ಗಂಟೆಗೆ ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಳ್ಳುವುದೂ ತಲೆಬಿಸಿಯೇ. ಮಂಗಳೂರಿನವರೊಬ್ಬರು ದೂರದ ಊರಿನ ಥೆರಪಿಸ್ಟ್ ಎದುರು ಮೊಬೈಲಿನಲ್ಲಿ ಕೂತು “ಸ್ವಲ್ಪ ತಲೆಬಿಸಿ” ಅಂದರೆ ಆಚೆಯವರಿಗೆ ಏನು ಅರ್ಥವಾಗಬೇಕು? ನಾವು ಉಸಿರು ಬಿಗಿಹಿಡಿದದ್ದು, ಅಂಗೈ ಬೆವರಿದ್ದು ಅವರಿಗೆ ಸ್ಕ್ರೀನಿನಲ್ಲಿ ಕಾಣುವುದಿಲ್ಲ. ಹಾಗಾಗಿ ಮೊದಲ ಸೆಷನ್‌ಗೆ ಕೂರುವಾಗ ಮಾತಿನ ಜೊತೆಗೆ ಒಂದಿಷ್ಟು ಲೆಕ್ಕ ಬರೆದಿಟ್ಟುಕೊಂಡು ಕೂತರೆ ಅರ್ಧ ಕೆಲಸ ಆದಂತೆ.

ಆತಂಕ, ನಿದ್ದೆಯಿಲ್ಲದ ರಾತ್ರಿ, ತಿಂಗಳುಗಟ್ಟಲೆ ಬಿಡದ ನೋವು, ಈ ಮೂರು ಹೆಚ್ಚಾಗಿ ಒಟ್ಟೊಟ್ಟಿಗೇ ಬರುತ್ತವೆ. ನಿದ್ದೆ ಕೆಟ್ಟರೆ ಮರುದಿನ ನೋವು ಹೆಚ್ಚು, ನೋವು ಹೆಚ್ಚಾದರೆ ಚಿಂತೆ, ಚಿಂತೆ ಹತ್ತಿದರೆ ಮತ್ತೆ ನಿದ್ದೆಯಿಲ್ಲ. ಎಲ್ಲಿಂದ ಬಿಡಿಸುವುದು ಎಂದು ಕೇಳಿದರೆ ನಾನು ನಿದ್ದೆಯಿಂದಲೇ ಅನ್ನುತ್ತೇನೆ. ನಿದ್ದೆಯನ್ನು ನಿಮಿಷದಲ್ಲಿ ಅಳೆಯಬಹುದು, ಬದಲಾವಣೆ ಮೂರು ನಾಲ್ಕು ವಾರದಲ್ಲೇ ಕಾಣತೊಡಗುತ್ತದೆ, ಆನ್‌ಲೈನಿನಲ್ಲಿ ಮಾಡಿದರೂ ಫಲ ಕೊಡುವ ಚಿಕಿತ್ಸೆಯೂ ಇದೆ. ಅದರ ಹೆಸರು ಸಿಬಿಟಿ-ಐ, ನಿದ್ದೆಗೆ ಸಂಬಂಧಿಸಿದ ಯೋಚನೆ ಮತ್ತು ರೂಢಿಗಳನ್ನು ತಿದ್ದುವ, ಮಾತ್ರೆಯಿಲ್ಲದ ಚಿಕಿತ್ಸೆ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ದಾಟಿದರೆ ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅಂಥ ವಯಸ್ಕರಿಗೆ ಮಾತ್ರೆಗಿಂತ ಮೊದಲು ಸಿಬಿಟಿ-ಐ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹೇಳಿದೆ.

ಇದಕ್ಕೆ ಬೇಕಾದದ್ದು ಒಂದು ಹಳೆಯ ನೋಟ್‌ಬುಕ್. ದಿನಕ್ಕೊಂದು ಸಾಲು: ಮಲಗಿದ್ದು ಎಷ್ಟು ಗಂಟೆಗೆ, ನಿದ್ದೆ ಹತ್ತಲು ಸುಮಾರು ಎಷ್ಟು ಹೊತ್ತು ಹಿಡಿಯಿತು, ನಡುವೆ ಎಷ್ಟು ಸಲ ಎಚ್ಚರ, ಒಟ್ಟು ಎಷ್ಟು ನಿಮಿಷ, ಕೊನೆಗೆ ಎಚ್ಚರವಾದದ್ದು, ಹಾಸಿಗೆ ಬಿಟ್ಟು ಎದ್ದದ್ದು. ಹಗಲು ಮಲಗಿದ್ದರೆ ಅದನ್ನೂ ಬರೆಯಬೇಕು. ಬೆಳಿಗ್ಗೆ ಎದ್ದು ಅಂದಾಜಿನಲ್ಲೇ ಬರೆಯಿರಿ, ಸಾಕು. ರಾತ್ರಿ ಗಡಿಯಾರ ನೋಡಿ ನೋಡಿ ಬರೆಯಲು ಹೋದರೆ ಆ ನೋಡುವಿಕೆಯೇ ನಿದ್ದೆಯನ್ನು ಓಡಿಸುತ್ತದೆ. ಕೈಗೆ ಕಟ್ಟುವ ವಾಚಿನ ‘ಗಾಢ ನಿದ್ದೆ’ ಲೆಕ್ಕವೂ ಬೇಡ. ಕಡಿಮೆಯೆಂದರೆ ಏಳು ರಾತ್ರಿ, ಹದಿನಾಲ್ಕಾದರೆ ಇನ್ನೂ ಒಳ್ಳೆಯದು.

ಒಂದು ಲೆಕ್ಕ ಮಾಡಿ ನೋಡೋಣ. ಮನೆಯವರೆಲ್ಲ ಉಂಡು ಮುಗಿಸಿ 9.45ಕ್ಕೆ ಮಲಗುವುದು, ಬೆಳಿಗ್ಗೆ 6.15ಕ್ಕೆ ಏಳುವುದು. ಹಾಸಿಗೆಯಲ್ಲಿ ಕಳೆದದ್ದು ಎಂಟೂವರೆ ಗಂಟೆ, ಅಂದರೆ 510 ನಿಮಿಷ. ವಾರದ ಸರಾಸರಿ ನಿದ್ದೆ ಐದೂವರೆ ಗಂಟೆ, 330 ನಿಮಿಷ. 330ನ್ನು 510ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 65. ಈ ಶೇಕಡಾವಾರಿಗೆ ನಿದ್ರಾ ದಕ್ಷತೆ ಎಂದು ಹೆಸರು. 85 ಮುಟ್ಟಿದರೆ ಚೆನ್ನಾಗಿದೆ ಎಂದರ್ಥ. ಇಲ್ಲಿ ಮೂರು ಗಂಟೆ ಹಾಸಿಗೆಯಲ್ಲಿ ಹೊರಳಾಡುವುದರಲ್ಲೇ ಹೋಗುತ್ತಿದೆ. ಹೀಗೆ ತಿಂಗಳುಗಟ್ಟಲೆ ಹೊರಳಾಡಿದ ಮೇಲೆ ತಲೆದಿಂಬಿಗೆ ತಲೆ ಕೊಟ್ಟ ಕೂಡಲೇ ಮೆದುಳಿಗೆ ಎಚ್ಚರವೇ ರೂಢಿಯಾಗಿಬಿಡುತ್ತದೆ.

ಮಾಡಬೇಕಾದದ್ದು ಹಾಸಿಗೆಯ ಸಮಯವನ್ನೇ ಕುಗ್ಗಿಸುವುದು. ನಿದ್ದೆಯ ಸಂಶೋಧಕ ಆರ್ಥರ್ ಸ್ಪೀಲ್‌ಮನ್ ಮತ್ತವರ ಜೊತೆಗಾರರು 1987ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಬರುವ ನಿದ್ದೆ ಐದೂವರೆ ಗಂಟೆ, ಅದಕ್ಕೆ ಅರ್ಧ ಗಂಟೆ ಸೇರಿಸಿ ಆರು ಗಂಟೆ ಇಡಿ. ಏಳುವ ಹೊತ್ತು ಮೊದಲು ಗಟ್ಟಿಮಾಡಬೇಕು: ಬೆಳಿಗ್ಗೆ 6, ಭಾನುವಾರವೂ 6, ರಾತ್ರಿ ಒಂದು ಚೂರೂ ನಿದ್ದೆ ಬರದಿದ್ದರೂ 6. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಲಗುವುದು ನಡುರಾತ್ರಿ 12ಕ್ಕೆ. ವಾರ ಕಳೆದ ಮೇಲೆ ಮತ್ತೆ ಲೆಕ್ಕ. 360ರಲ್ಲಿ 320 ನಿಮಿಷ ನಿದ್ದೆ ಬಂದಿದ್ದರೆ 89. 85ಕ್ಕಿಂತ ಮೇಲಾದ್ದರಿಂದ ಕಾಲು ಗಂಟೆ ಹೆಚ್ಚಿಸಿ 11.45ಕ್ಕೆ ಮಲಗಬಹುದು. 80ರಿಂದ 85ರ ನಡುವೆ ಇದ್ದರೆ ಆ ವಾರ ಮುಟ್ಟಬೇಡಿ. 80ಕ್ಕಿಂತ ಕೆಳಗಿದ್ದರೆ ಕಾಲು ಗಂಟೆ ಇಳಿಸಬೇಕು. ಎಷ್ಟೇ ಇಳಿಸಿದರೂ ಐದು ಗಂಟೆಗಿಂತ ಕೆಳಗೆ ಹೋಗಕೂಡದು.

ಮೊದಲ ಎರಡು ವಾರ ಕಷ್ಟ. ಹಗಲಲ್ಲಿ ಕಣ್ಣು ಎಳೆಯುತ್ತದೆ, ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳದ ಥೆರಪಿಸ್ಟ್ ಹತ್ತಿರ ಬಹಳ ಮಂದಿ ಅರ್ಧದಲ್ಲೇ ಬಿಟ್ಟುಬಿಡುತ್ತಾರೆ. ಆ ದಿನಗಳಲ್ಲಿ ಹೆದ್ದಾರಿ 66ರಲ್ಲಿ ಸ್ಕೂಟರ್ ಬಿಡುವುದು ಬೇಡವೇ ಬೇಡ, ಬಸ್ಸಿನಲ್ಲಿ ಹೋಗಿ.

ಲೆಕ್ಕ ಸರಿಯಿದ್ದೂ ಕೆಡುವುದು ಎಲ್ಲಿ ಅಂದರೆ, ರಾತ್ರಿ ಒಂಬತ್ತೂವರೆಗೆ, ಧಾರಾವಾಹಿ ಎದುರು, ಕುರ್ಚಿಯಲ್ಲಿ. ಇಪ್ಪತ್ತು ನಿಮಿಷ ತೂಕಡಿಸಿದರೆ ಹಗಲಿಡೀ ಕೂಡಿಸಿಟ್ಟ ನಿದ್ದೆಯ ಒತ್ತಡ ಇಳಿದುಹೋಗುತ್ತದೆ, 12ಕ್ಕೆ ಮಲಗಿದರೆ ಕಣ್ಣು ಮುಚ್ಚುವುದಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡು ಅಡ್ಡಾಗುವ ರೂಢಿಯೂ ಅಷ್ಟೇ. ತಡೆಯಲಾಗದಿದ್ದರೆ ಮಧ್ಯಾಹ್ನ ಮೂರಕ್ಕೆ ಮುಂಚೆ, ಅಲಾರಂ ಇಟ್ಟು, ಇಪ್ಪತ್ತೇ ನಿಮಿಷ. ರಾತ್ರಿ ಉಂಡ ಮೇಲೆ 12ರವರೆಗೆ ಕಾಯುವ ಹೊತ್ತಿನಲ್ಲಿ ಕೈಗೆ ಕೆಲಸ ಬೇಕು: ಬಟ್ಟೆ ಮಡಚುವುದು, ಇಸ್ತ್ರಿ, ಬೇಳೆ ಆರಿಸುವುದು. ಸಂಜೆ ಐದರ ಚಹಾ ಬಿಡುವುದು ನಮ್ಮಲ್ಲಿ ಬಹಳ ಜನಕ್ಕೆ ಕಷ್ಟ, ಆದರೆ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಗೋಳಿಬಜೆ ತಿನ್ನಿ, ಜೊತೆಗೆ ಬಿಸಿನೀರೋ ಕಷಾಯವೋ ಇರಲಿ.

ಮಲಗಿ ಹದಿನೈದು ಇಪ್ಪತ್ತು ನಿಮಿಷ ಆಗಿರಬಹುದು ಅನ್ನಿಸುವಾಗಲೂ ನಿದ್ದೆ ಹತ್ತಿಲ್ಲವೆಂದರೆ ಏಳಬೇಕು. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1970ರ ದಶಕದಲ್ಲಿ ಕೊಟ್ಟ ಈ ನಿಯಮವನ್ನು ಇವತ್ತಿಗೂ ಬಿಟ್ಟಿಲ್ಲ. ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆಯತೊಡಗಿದ ಮೇಲೆ ಮರಳಬೇಕು. ಬೇರೆ ಕೋಣೆಯೇ ಇಲ್ಲದ ಮನೆಯಲ್ಲಿ ಚಾಪೆ ಮಡಚಿಟ್ಟು ಗೋಡೆಗೊರಗಿ ಕೂತರೂ ಆಗುತ್ತದೆ. ಚಾಪೆಗೂ ಎಚ್ಚರಕ್ಕೂ ಇರುವ ನಂಟು ಬಿಡಬೇಕು, ಅದೇ ಉದ್ದೇಶ. ಮೊಬೈಲ್ ಮಾತ್ರ ಕೈಗೆ ತೆಗೆದುಕೊಳ್ಳಬೇಡಿ.

ಆಟದ ಸೀಸನ್‌ನಲ್ಲಿ ಯಕ್ಷಗಾನ ಬಿಡಿ ಎಂದು ಯಾರಿಗೂ ಹೇಳಲಾಗದು. ಚಿಕಿತ್ಸೆ ನಡೆಯುವ ಎರಡು ತಿಂಗಳು ಕಾಲಮಿತಿಯ ಆಟ ಆರಿಸಿಕೊಳ್ಳಿ. ಬೆಳಗಿನವರೆಗಿನ ಆಟಕ್ಕೆ ಹೋದರೂ ಮರುದಿನ ಮಧ್ಯಾಹ್ನದವರೆಗೆ ಮಲಗಬೇಡಿ, ಮರುರಾತ್ರಿ ಅದೇ 12, ಮರುಬೆಳಿಗ್ಗೆ ಅದೇ 6.

ಹಾಸಿಗೆಯ ಸಮಯ ಕುಗ್ಗಿಸುವುದು ಎಲ್ಲರಿಗೂ ಅಲ್ಲ, ಅದನ್ನು ಒತ್ತಿ ಹೇಳಬೇಕು. ಬೈಪೋಲಾರ್ (ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಇರುವವರಿಗೆ ನಿದ್ದೆ ಕುಗ್ಗಿಸಿದರೆ ಉನ್ಮಾದ ಕೆರಳಬಹುದು. ಅಪಸ್ಮಾರ ಇದ್ದರೆ ಫಿಟ್ಸ್ ಬರಬಹುದು. ಜೋರು ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಎಳೆದುಕೊಳ್ಳುವವರಿಗೆ ಮೊದಲು ಸ್ಲೀಪ್ ಅಪ್ನಿಯಾ ಪರೀಕ್ಷೆ ಆಗಬೇಕು. ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ ನಡುರಾತ್ರಿ ಕಡಲಿಗೆ ಇಳಿಯುವವರಿಗೆ, ರಾತ್ರಿಪಾಳಿಯವರಿಗೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಈಗಾಗಲೇ ಅಲ್ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ಆತಂಕದ ಮಾತ್ರೆ ತಿನ್ನುತ್ತಿದ್ದರೆ “ಥೆರಪಿ ಶುರುವಾಯಿತಲ್ಲ” ಎಂದು ಥಟ್ಟನೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಮಾತ್ರೆ ಕೊಟ್ಟ ಡಾಕ್ಟರೇ ಮೆಲ್ಲಮೆಲ್ಲಗೆ ಇಳಿಸಬೇಕು.

ನಿದ್ದೆ ಹಳಿಗೆ ಬಂದ ಮೇಲೆ ಆತಂಕದ ಕೆಲಸ ಹಗುರವಾಗುತ್ತದೆ. ಅಳೆಯಲು ಜಿಎಡಿ-7 ಎಂಬ ಏಳು ಪ್ರಶ್ನೆಗಳ ಹಾಳೆ ಇದೆ, ಒಟ್ಟು 21 ಅಂಕ. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತೀವ್ರ. ಎರಡು ವಾರಕ್ಕೊಮ್ಮೆ ತುಂಬಿ ಕಳಿಸಿದರೆ ಥೆರಪಿಸ್ಟ್‌ಗೂ ದಾರಿ ಕಾಣುತ್ತದೆ. ಆತಂಕಕ್ಕೆ ಕೊಡುವ ಮನೆಕೆಲಸದಲ್ಲಿ ಮುಖ್ಯವಾದದ್ದು ಹೆದರುವ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಬಸ್ಸಿನಲ್ಲಿ ಒಮ್ಮೆ ಪ್ಯಾನಿಕ್ ಆಗಿ, ಆಮೇಲೆ ಬಸ್ಸೇ ಹತ್ತದವರ ಮೆಟ್ಟಿಲು ಹೀಗಿರಬಹುದು: ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲುವುದು, ಮರುದಿನ ಲಾಲ್‌ಬಾಗ್‌ವರೆಗೆ, ಆಮೇಲೆ ಕೂಳೂರು, ಆಮೇಲೆ ಸುರತ್ಕಲ್, ಕೊನೆಗೆ ಉಡುಪಿ ಎಕ್ಸ್‌ಪ್ರೆಸ್. ಹತ್ತುವ ಮುಂಚೆ “ತಲೆತಿರುಗಿ ಬಿದ್ದೇ ಬೀಳುತ್ತೇನೆ” ಎಂಬ ಭಯವನ್ನು ಬರೆದಿಡಬೇಕು, ಇಳಿದ ಮೇಲೆ ಬಿದ್ದೆನೋ ಇಲ್ಲವೋ ಎಂದು ಪಕ್ಕದಲ್ಲಿ ಬರೆಯಬೇಕು. ಎದೆಬಡಿತ ಏರಿದ ಹೊತ್ತಿಗೇ ಪಣಂಬೂರಿನಲ್ಲಿ ಇಳಿದುಬಿಟ್ಟರೆ, ಇಳಿದದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿಯುತ್ತದೆ, ಭಯ ಮೊದಲಿಗಿಂತ ಗಟ್ಟಿಯಾಗುತ್ತದೆ. ಬಾಗಿಲ ಪಕ್ಕದ ಸೀಟೇ ಬೇಕು, ಗಂಡ ಫೋನಿನಲ್ಲೇ ಇರಬೇಕು, ಇಂಥ ಆಸರೆಗಳನ್ನೂ ಒಂದೊಂದಾಗಿ ಬಿಡಬೇಕು. ಹೊಸದಾಗಿ ಎದೆನೋವು ಕಾಣಿಸಿಕೊಂಡರೆ ಮಾತ್ರ ಅದನ್ನು ಪ್ಯಾನಿಕ್ ಎಂದು ನೀವೇ ತೀರ್ಮಾನಿಸಬೇಡಿ, ಮೊದಲು ಇಸಿಜಿ.

ನೋವಿನವರು ಥೆರಪಿ ಅಂದ ಕೂಡಲೇ ನೊಂದುಕೊಳ್ಳುತ್ತಾರೆ, “ನನ್ನ ನೋವು ಸುಳ್ಳಾ ಹಾಗಾದರೆ?” ಎಂದು. ಸುಳ್ಳಲ್ಲ. ಮೂರು ತಿಂಗಳು ದಾಟಿದ ನೋವಿನಲ್ಲಿ ನರಮಂಡಲದ ಸೂಕ್ಷ್ಮತೆಯೇ ಏರಿರಬಹುದು, ಗಾಯ ಮಾಗಿದ ಮೇಲೂ ಎಚ್ಚರಿಕೆಯ ಗಂಟೆ ನಿಲ್ಲುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ, ಸೊಂಟ ನೋಡಿದರೆ ಗೊತ್ತಾಗುತ್ತದೆ. ತಡ್ಪೆ (ಮೊರ) ತೊಡೆಯ ಮೇಲೆ, ಕುತ್ತಿಗೆ ಬಗ್ಗಿ, ಬೆರಳು ಎಲೆ ಸುರುಳುತ್ತಲೇ ಇರುತ್ತದೆ. ನೋವು ಕಡಿಮೆ ಇದ್ದ ದಿನ, ಮರುದಿನ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕೆಂದು ಎರಡು ದಿನದ್ದನ್ನು ಒಂದೇ ಸಲ ಕೂತು ಕಟ್ಟುತ್ತಾರೆ. ಆಮೇಲೆ ಮೂರು ದಿನ ಏಳಲಾಗುವುದಿಲ್ಲ. ಇದಕ್ಕೆ ಮದ್ದು ಹೊತ್ತಿನ ಲೆಕ್ಕ. ಮೂರು ದಿನ, ದಿನಕ್ಕೆ ಎರಡು ಸಲ, ನೋವು ಜೋರಾಗುವವರೆಗೆ ಎಷ್ಟು ನಿಮಿಷ ಕೂರಲಾಯಿತು ಎಂದು ಬರೆಯಿರಿ. 40, 25, 35, 30, 45, 35 ಎಂದು ಬಂದರೆ ಸರಾಸರಿ 35. ಅದರ ಶೇಕಡಾ 80 ಅಂದರೆ 28, ಶುರುವಿಗೆ 25 ಇಟ್ಟುಕೊಳ್ಳಿ. 25 ನಿಮಿಷಕ್ಕೆ ಮೊಬೈಲ್ ಅಲಾರಂ ಹೊಡೆದಾಗ ನೋವು ಇರಲಿ ಬಿಡಲಿ ಏಳಬೇಕು, ಐದು ನಿಮಿಷ ಅಂಗಳದಲ್ಲಿ ನಡೆಯಬೇಕು. ಚೆನ್ನಾಗಿದ್ದ ದಿನ ಮುಂದುವರಿಸಬಾರದು, ಕೆಟ್ಟ ದಿನ ಪೂರ್ತಿ ಬಿಡಬಾರದು. ವಾರಕ್ಕೆ ಎರಡು ಮೂರು ನಿಮಿಷ ಏರಿಸಿದರೆ ಸಾಕು. ಸಾಧ್ಯವಾದರೆ ನೆಲ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ಕೂತು, ತಡ್ಪೆಯ ಕೆಳಗೆ ದಿಂಬು ಇಟ್ಟು ಎತ್ತರಿಸಿಕೊಳ್ಳಿ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಇಳಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಜ್ವರ ಬಂದರೆ ಅದು ಸ್ಕ್ರೀನಿನ ಕೆಲಸವಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಯಾರ ಹತ್ತಿರ ಕೂರುವುದು? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ನಂಬರ್ ಕೇಳುವುದರಲ್ಲಿ ನಾಚಿಕೆ ಬೇಡ. ಅವರು ಮಾತ್ರೆ ಬರೆಯುವುದಿಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ. ಮೊದಲ ಕರೆಯಲ್ಲೇ ಅವರು ನಿಮ್ಮ ಒಪ್ಪಿಗೆ, ಈಗ ಕೂತಿರುವ ಜಾಗದ ವಿಳಾಸ, ತುರ್ತಿಗೆ ಮನೆಯವರೊಬ್ಬರ ಫೋನ್ ನಂಬರ್ ಕೇಳಬೇಕು. ಇದನ್ನು ಕೇಳದವರು ನಿಮ್ಮ ಸುರಕ್ಷತೆಯ ಬಗ್ಗೆ ಯೋಚಿಸಿಲ್ಲ, ಬೇರೆಯವರನ್ನು ನೋಡಿ. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಅಳು ಬರುವವರಿಗೆ ಆ ಭಾಷೆ ಬಲ್ಲವರೇ ಸಿಕ್ಕರೆ ಒಳ್ಳೆಯದು, ಕೇಳಿ ನೋಡಿ. ಬರಿಯ ಆ್ಯಪ್ ಇಟ್ಟುಕೊಂಡು ಒಬ್ಬರೇ ಮಾಡುವವರು ನಡುವೆ ಬಿಡುವುದು ಹೆಚ್ಚು. ವಾರಕ್ಕೊಮ್ಮೆ ಹತ್ತು ನಿಮಿಷವಾದರೂ ಒಬ್ಬರು ನಿಮ್ಮ ಡೈರಿ ನೋಡುವಂತಿದ್ದರೆ ಮುಂದಕ್ಕೆ ಹೋಗುತ್ತದೆ. ನಿದ್ದೆಗೆ ಆರರಿಂದ ಎಂಟು ಸೆಷನ್ ಸಾಕಾಗುತ್ತದೆ. ನಾಲ್ಕೈದು ಸೆಷನ್ ಕಳೆದರೂ ಅಂಕಿ ಅಲುಗದಿದ್ದರೆ ಯಾಕೆ ಎಂದು ನೇರವಾಗಿ ಕೇಳಿ.

ದುಡ್ಡಿನ ತೊಂದರೆಯಿದ್ದರೆ ಸರಕಾರದ ಟೆಲಿ-ಮಾನಸ್ ಇದೆ, 2022ರ ಅಕ್ಟೋಬರ್ 10ರಂದು ಶುರುವಾದದ್ದು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಸೆಷನ್‌ವರೆಗೆ ಕಾಯಬೇಡಿ. ಈ ನಂಬರಿಗೆ ಕರೆ ಮಾಡಿ, ಇಲ್ಲವೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆಗೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವಾಗ ಕರೆಂಟ್ ಹೋಗುತ್ತದೆಂದು ಹೇಳಲಾಗದು, ಕರೆಂಟ್ ಹೋದರೆ ವೈಫೈಯೂ ಹೋಯಿತು. ಮೊಬೈಲ್ ಪೂರ್ತಿ ಚಾರ್ಜ್ ಇರಲಿ, ಡೇಟಾ ಉಳಿಸಿಡಿ, ಚಿತ್ರ ನಿಂತರೆ ಬರಿಯ ಧ್ವನಿಯಲ್ಲಿ ಮುಂದುವರಿಸುವುದು, ಕರೆ ತುಂಡಾದರೆ ಥೆರಪಿಸ್ಟೇ ಐದು ನಿಮಿಷದೊಳಗೆ ಮಾಮೂಲಿ ಫೋನ್ ಮಾಡುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಶೀಟಿನ ಮಾಡಿನ ಕೆಳಗೆ ಮಳೆಯ ಸದ್ದಿಗೆ ಏನೂ ಕೇಳಿಸುವುದಿಲ್ಲ, ಮೈಕ್ ಇರುವ ಇಯರ್‌ಫೋನ್ ಬೇಕು. ಕೂಡುಕುಟುಂಬದಲ್ಲಿ ಬಾಗಿಲ ಆಚೆ ಅತ್ತೆಯೋ ಮೈದುನನೋ ಇದ್ದೇ ಇರುತ್ತಾರೆ. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಮಾತು ಗೊತ್ತುಮಾಡಿಟ್ಟುಕೊಳ್ಳಿ, “ಅಕ್ಕಿ ನೆನೆಸಿಟ್ಟಿದ್ದೀರಾ?” ಎಂಬಂಥದ್ದು. ಅದನ್ನು ಕೇಳಿದ ಕೂಡಲೇ ಥೆರಪಿಸ್ಟ್ ವಿಷಯ ಬದಲಿಸುತ್ತಾರೆ. ಸೆಷನ್ ಮುಗಿದ ಮೇಲೆ ನೇರ ಅಡುಗೆಮನೆಗೆ ಏಳಬೇಡಿ. ಇಯರ್‌ಫೋನ್ ತೆಗೆದು ಐದು ನಿಮಿಷ ಅಲ್ಲೇ ಕೂತು, ಈ ವಾರ ಎಷ್ಟು ಗಂಟೆಗೆ ಮಲಗುವುದು, ಎಷ್ಟಕ್ಕೆ ಏಳುವುದು, ಬಸ್ಸಿನಲ್ಲಿ ಎಲ್ಲಿಯವರೆಗೆ, ಒಂದು ಸಲಕ್ಕೆ ಎಷ್ಟು ನಿಮಿಷ ಕೂರುವುದು ಎಂದು ನೋಟ್‌ಬುಕ್ಕಿನ ಹೊಸ ಪುಟದ ತಲೆಯಲ್ಲಿ ಬರೆದಿಡಿ.