ಹೌದು, ದುಡ್ಡು ರಾಜನದ್ದೇ. ಆಮೇಲೆ?

ನನಗೆ ಫ್ರೆಂಚ್ ಚಿತ್ರಕಲೆಯ ಹುಚ್ಚು ಅಂತ ಗೊತ್ತಾದರೆ ಸಾಕು, ಜನ ಇದನ್ನೇ ಕೇಳುತ್ತಾರೆ: “ರಾಜನ ಉಪ್ಪು ತಿಂದು ರಾಜನನ್ನೇ ಹೊಗಳಿದ ಚಿತ್ರಗಳು ತಾನೇ ಅವು?” ಇದು ಪ್ರಶ್ನೆಯಲ್ಲ, ತೀರ್ಪು. ನಾನು ಸುಮ್ನೆ ತಲೆ ಆಡಿಸಬೇಕು, ಅಷ್ಟೇ.

ಹೊಗಳಿಕೆ ಇತ್ತು, ಇಲ್ಲ ಅನ್ನಲ್ಲ. 1701ರಲ್ಲಿ ಚಿತ್ರಕಾರ ರಿಗೋ ಬರೆದ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯನ್ನು ನೋಡಿ. ಅರವತ್ತು ದಾಟಿದ ಮನುಷ್ಯ ಕೆಂಪು ಹಿಮ್ಮಡಿಯ ಬೂಟು ತೊಟ್ಟು, ಕುಣಿಯೋಕೆ ಹೊರಟವನ ಹಾಗೆ ಕಾಲು ಮುಂದಿಟ್ಟಿದ್ದಾನೆ. ಸ್ಪೇನಿನ ರಾಜನಾದ ಮೊಮ್ಮಗನಿಗೆ ಕಳಿಸೋಕೆ ಬರೆಸಿದ್ದು. ತನಗೇ ತುಂಬಾ ಹಿಡಿಸಿ, ತಾನೇ ಇಟ್ಟುಕೊಂಡ!

ಮದುವೆ ಊಟದಲ್ಲೊಮ್ಮೆ ಪಕ್ಕದ ಎಲೆಯ ಹಿರಿಯರೂ ಇದನ್ನೇ ಕೇಳಿದರು. “ಶಾರ್ದಾಂ ಗೊತ್ತಾ ನಿಮಗೆ?” ಅಂದೆ. “ಯಾವ ಶಾರದಮ್ಮ?” ಅಂದರು. ಅಷ್ಟರಲ್ಲಿ ಹೋಳಿಗೆ ಬಂತು, ಉತ್ತರ ಅಲ್ಲೇ ನಿಂತಿತು. ಈಗ ಹೇಳುತ್ತೇನೆ.

1728ರಲ್ಲಿ ರಾಜನ ಚಿತ್ರಕಲಾ ಅಕಾಡೆಮಿಗೆ ಸೇರೋಕೆ ಈ ಶಾರ್ದಾಂ ಅನ್ನೋ ಚಿತ್ರಕಾರ ಕೊಟ್ಟ ಚಿತ್ರಗಳಲ್ಲಿ ಒಂದು, ಕೊಕ್ಕೆಗೆ ನೇತುಹಾಕಿದ ತೊರಕೆ ಮೀನು. ಹೊಟ್ಟೆ ಸೀಳಿದೆ, ಒಳಗಿನದೆಲ್ಲ ಕೆಂಪಗೆ ಹೊರಗೆ. ಮುಖ ಮಾತ್ರ ನಕ್ಕಂತಿದೆ. ಕೆಳಗೆ ಚಿಪ್ಪುಗಳ ಮೇಲೆ ಬೆಕ್ಕಿನಮರಿ ಬೆನ್ನು ಎತ್ತಿ ನಿಂತಿದೆ. ಇದರಲ್ಲಿ ಯಾವ ರಾಜನ ಹೊಗಳಿಕೆ ಇದೆ, ಸ್ವಾಮಿ? ಅಕಾಡೆಮಿಯ ಲೆಕ್ಕದಲ್ಲಿ ಪುರಾಣ, ಚರಿತ್ರೆಯ ಚಿತ್ರಗಳಿಗೆ ಮೊದಲ ಪಂಕ್ತಿ. ಮೀನು, ಪಾತ್ರೆ, ಹಣ್ಣಿಗೆ ಕೊನೆಯದು. ಆದರೂ ಸೇರಿಸಿಕೊಂಡರು. 1757ರಲ್ಲಿ ಹದಿನೈದನೇ ಲೂಯಿ ಅವನಿಗೆ ಲೂವ್ರ್ ಅರಮನೆಯಲ್ಲೇ ಬಿಡಾರ ಕೊಟ್ಟ.

ಅಕಾಡೆಮಿ ಹುಟ್ಟಿದ್ದು 1648ರಲ್ಲಿ. ಅದಕ್ಕೆ ಮುಂಚೆ ಪ್ಯಾರಿಸ್ಸಿನಲ್ಲಿ ಕುಶಲಕರ್ಮಿಗಳ ಸಂಘದ್ದೇ ದರ್ಬಾರು. ಅದರ ಹಿಡಿತದಿಂದ ಬಿಡಿಸಿಕೊಳ್ಳೋಕೇ ಚಿತ್ರಕಾರರು ರಾಜನ ಬಾಗಿಲು ತಟ್ಟಿದ್ದು. ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನ ಕೈಗೆ ಬಿದ್ದರು ಅನ್ನಿ, ಒಪ್ಪುತ್ತೇನೆ.

ದುಡ್ಡು ಕೊಟ್ಟ ರಾಜನಿಗೆ ಕೇಳಿದ್ದೇ ಸಿಕ್ಕಿತಾ ಅಂತ ಒಬ್ಬರಾದರೂ ಕೇಳಬಾರದಾ? ಹದಿನಾರನೇ ಲೂಯಿಯ ಆಡಳಿತ ದಾವಿದ್ ಅನ್ನೋ ಚಿತ್ರಕಾರನಿಗೆ ಒಂದು ದೊಡ್ಡ ಚಿತ್ರ ಹೇಳಿತ್ತು. ಹೇಳಿದ ಅಳತೆ ಬಿಟ್ಟು ಇನ್ನೂ ದೊಡ್ಡದು ಬರೆದ. ಹಳೇ ರೋಮಿನ ಕಥೆ: ಆಣೆ ಇಡುವ ಮೂವರು ಅಣ್ಣತಮ್ಮಂದಿರು, ಮೂರು ಕತ್ತಿ ಎತ್ತಿ ಹಿಡಿದ ಅಪ್ಪ. 1785ರಲ್ಲಿ ಅದನ್ನು ನೋಡೋಕೆ ಪ್ಯಾರಿಸ್ ಮುಗಿಬಿತ್ತು. ಆಮೇಲೆ ಫ್ರೆಂಚ್ ಕ್ರಾಂತಿ ಬಂತು. 1793ರ ಜನವರಿಯಲ್ಲಿ ಅದೇ ದಾವಿದ್ ರಾಜನ ತಲೆ ತೆಗೆಯೋಕೆ ಮತ ಹಾಕಿದ. ಆಗಸ್ಟಿನಲ್ಲಿ ಅಕಾಡೆಮಿಯನ್ನೂ ಮುಚ್ಚಿಸಿದ.

1804ರಲ್ಲಿ ನೆಪೋಲಿಯನ್ನನ ಮುಖ್ಯ ಚಿತ್ರಕಾರನಾದ. ಹೊಗಳಿಕೆ ಬೇಕಿದ್ದರೆ ಅಲ್ಲಿ ಹುಡುಕಿ, ಜಾಸ್ತಿಯೇ ಸಿಗುತ್ತದೆ.