ಹೋಗುವಾಗ ಇಳಿಜಾರು, ಬರುವಾಗ ಏರು: ಒಂದು ವೀಲ್ ಕವರ್ ದೂರು

ಮೈಸೂರಿನ ವಿದ್ಯುತ್ ಕಾರುಗಳ ಸರ್ವೀಸ್ ಕೇಂದ್ರವೊಂದರಲ್ಲಿ ನಾನು ಅಡ್ವೈಸರ್. ಕಾರಿನೊಂದಿಗೆ ಬಂದ, ಚಕ್ರದ ಹೊರಮುಖವನ್ನು ಮುಚ್ಚುವ ವೀಲ್ ಕವರ್‌ಗಳನ್ನು ಬಿಚ್ಚಿಸಿ, ಒಳಗಿನ ಅಲಾಯ್ ಚಕ್ರಕ್ಕೆ ಅಂದದ ಸೆಂಟರ್ ಕ್ಯಾಪ್ ಕಿಟ್ ಮಾರುವುದು ನಮ್ಮ ಆಕ್ಸೆಸರಿ ಕೌಂಟರಿನ ವಾಡಿಕೆ. ಹಾಗೆ ಬಿಚ್ಚಿಸಿಕೊಂಡಿದ್ದ ಮಂಡ್ಯದ ಹಿರಿಯರೊಬ್ಬರು ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ವಿಪರೀತ ಇಳಿದಿದೆಯೆಂದು ಕಾರು ತಂದು ನಿಲ್ಲಿಸಿದರು. ಕವರ್ ಇಲ್ಲದೆಯೇ ಮಂಡ್ಯದವರೆಗೆ ಜೊತೆಗೆ ಹೋಗಿ, ರೀಡಿಂಗ್ ತೋರಿಸಿ, ದೂರು ದಾಖಲಾದ ಜಾಬ್ ಕಾರ್ಡ್ ಕ್ಲೋಸ್ ಮಾಡಬೇಕೆಂಬುದು ಮ್ಯಾನೇಜರ್ ಅಪ್ಪಣೆ.

ಮಂಡ್ಯ ತಲುಪಿದಾಗ ಪ್ರತಿ ಕಿಲೋಮೀಟರಿನ ವಿದ್ಯುತ್ ಬಳಕೆ ಬಹಳ ಕಡಿಮೆಯಿತ್ತು. ಕವರಿಗೂ ರೇಂಜಿಗೂ ಸಂಬಂಧವೇ ಇಲ್ಲವೆಂದು ಸಾಬೀತಾಯಿತೆಂಬಂತೆ ಮ್ಯಾನೇಜರ್ ಫೋನಿನಲ್ಲಿಯೇ ಸಂಭ್ರಮಿಸಿದರು. ಒಂದೇ ದಿಕ್ಕಿನ ರೀಡಿಂಗ್ ಲೆಕ್ಕಕ್ಕೆ ಬರುವುದಿಲ್ಲವೆಂದು ನಾನು ಹೇಳಿ ವಾಪಸ್ ಹೊರಟಿದ್ದೇ ತಡ, ಅಂಕಿ ಏರತೊಡಗಿತು. ಗಣಂಗೂರು ಟೋಲ್ ದಾಟುವಷ್ಟರಲ್ಲಿ ಹಿರಿಯರ ಕಣ್ಣು ರಸ್ತೆಗಿಂತ ಪರದೆಯ ಮೇಲೆಯೇ ಹೆಚ್ಚಾಗಿ ನೆಟ್ಟಿತ್ತು. "ನೋಡಿದ್ರೇನ್ರೀ? ಕವರ್ ಕಿತ್ತು ನನ್ನ ಬ್ಯಾಟರೀನೇ ಹಾಳ್ ಮಾಡಿದ್ದೀರಿ" ಎಂದು ಅವರು ದನಿಯೇರಿಸಿದರು. ಅದೇ ಕಾರು, ಅದೇ ಬರಿಯ ಚಕ್ರ. ಹೋಗುವಾಗ ಮ್ಯಾನೇಜರಿಗೆ ಸಾಕ್ಷಿ, ಬರುವಾಗ ಗ್ರಾಹಕರಿಗೆ ಸಾಕ್ಷಿ. ನೂರರ ವೇಗದಲ್ಲಿರುವವರಿಗೆ ಭೂಗೋಳ ಬೋಧಿಸುವುದು ಬೇಡವೆಂದು, ಮೈಸೂರು ಮುಟ್ಟುವವರೆಗೂ ಬೈಗುಳ ಕೇಳಿಸಿಕೊಂಡು ಕುಳಿತೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ, ಮಂಡ್ಯ ಸುಮಾರು 680 ಮೀಟರ್ ಎತ್ತರದಲ್ಲಿದೆ. 1,700 ಕಿಲೋ ತೂಕದ ಕಾರನ್ನು 90 ಮೀಟರ್ ಮೇಲೇರಿಸಲು ಸುಮಾರು 0.4 ಯೂನಿಟ್ ಬೇಕು. ಈ 45 ಕಿಲೋಮೀಟರಿಗೆ ಒಟ್ಟು ಆರೇಳು ಯೂನಿಟ್ ಖರ್ಚಾಗುವುದಾದರೆ, ಎತ್ತರದ ಪಾಲೇ ಶೇಕಡ 6ರಷ್ಟು. ಕವರಿನಿಂದಾಗುವ ಉಳಿತಾಯವಾದರೋ ಹೆದ್ದಾರಿಯಲ್ಲಿ ಶೇಕಡ 3–4ರ ಆಸುಪಾಸು. ಕಾರಿಗೆ ಗಾಳಿ ಒಡ್ಡುವ ತಡೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಚಕ್ರ ಮತ್ತು ಅದರ ಗೂಡಿನಿಂದಲೇ ಬರುತ್ತದೆ. ತಿರುಗುವ ಸ್ಪೋಕ್‌ಗಳು ಗಾಳಿಯನ್ನು ಕಡೆಯದಂತೆ ಕವರ್ ಅದನ್ನು ನಯವಾಗಿ ಹಿಂದಕ್ಕೆ ಸಾಗಿಸುತ್ತದೆ. ಆ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ 40ರ ವೇಗಕ್ಕಿಂತ 100ರಲ್ಲಿ ಆರು ಪಟ್ಟಿಗೂ ಹೆಚ್ಚು. ಪೇಟೆಯೊಳಗೆ ಓಡಿಸುವವರಿಗೆ ಕವರ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮರುದಿನ ಕವರ್ ಹಾಕಿ, ಟೈರಿನ ಗಾಳಿ, ಎಸಿ, ಕ್ರೂಸ್ ವೇಗ ಎಲ್ಲವನ್ನೂ ಹಿಂದಿನಂತೆಯೇ ಇರಿಸಿ, ಹೋಗಿಬರುವ ಎರಡೂ ದಾರಿಗಳ ಬಳಕೆಯನ್ನು ಕೂಡಿಸಿದೆವು. ವ್ಯತ್ಯಾಸ ಸಣ್ಣದು, ಆದರೆ ಕವರಿನ ಪರವಾಗಿಯೇ ಇತ್ತು. ಹಿರಿಯರ ರೇಂಜ್ ಇಳಿದದ್ದು ಬಹುಪಾಲು, ಮಂಡ್ಯದ ಬೀದಿಗಳಲ್ಲಿ ಓಡುತ್ತಿದ್ದ ಕಾರು ನಿತ್ಯ ಎಕ್ಸ್‌ಪ್ರೆಸ್‌ವೇಗೆ ಇಳಿದದ್ದರಿಂದ. ಲೆಕ್ಕವನ್ನು ಕಾಗದದ ಮೇಲೆ ನೋಡಿದ ಮೇಲೆ ಅವರು ಕವರ್ ಉಳಿಸಿಕೊಂಡು, ಕಿಟ್‌ನ ಹಣ ವಾಪಸ್ ಕೇಳಿದರು. ಅದು ನ್ಯಾಯವೇ ಆಗಿತ್ತು.

ಎರಡನೆಯ ದಿನದ ಟೋಲ್ ಹಣವನ್ನು ಮ್ಯಾನೇಜರ್ ಇನ್ನೂ ಪಾಸು ಮಾಡಿಲ್ಲ. ಜಾಬ್ ಕಾರ್ಡ್ ಸಾಫ್ಟ್‌ವೇರಿನಲ್ಲಿ ಸೀಟ್ ಕವರಿಗೆ ಕಾಲಂ ಇದೆ, ವೀಲ್ ಕವರಿಗೆ ಇಲ್ಲ. ಹಾಗಾಗಿ ರೇಂಜ್ ದೂರು ಬಂದಾಗಲೆಲ್ಲ ಕವರ್, ಟೈರಿನ ಗಾಳಿ, ಓಡಿಸಿದ ದಾರಿ ಮತ್ತು ವೇಗವನ್ನು ರಿಮಾರ್ಕ್ಸ್‌ನಲ್ಲಿ ತುರುಕುತ್ತೇನೆ. ಪ್ರಿಂಟ್ ತೆಗೆದರೆ ಅದರಲ್ಲಿ ಅರ್ಧ ಸಾಲು ಕತ್ತರಿಸಿ ಹೋಗಿರುತ್ತದೆ.