ಎಲ್ಲಿಗೆ ಹೋಗಲಿ ಅಂತ ಕೇಳುವವರಿಗೆ ನಾನು ಕೇಳುವ ಪ್ರಶ್ನೆ

ಪ್ರವಾಸದ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಗೊತ್ತಿರುವವರು, ಗೊತ್ತಿಲ್ಲದವರು ಎಲ್ಲರೂ ಅದನ್ನೇ ಕೇಳುತ್ತಾರೆ. "ರಜೆ ಸಿಕ್ಕಿದೆ. ಎಲ್ಲರೂ ಹೋಗಿ ಫೋಟೋ ಹೊಡೆಸಿಕೊಂಡು ಬರುವ ಜಾಗ ಬೇಡ. ನಿಜವಾದ ಊರು, ನಿಜವಾದ ಜನ ನೋಡಬೇಕು. ಎಲ್ಲಿಗೆ ಹೋಗಲಿ?"

ಮೊದಮೊದಲು ಕೇಳಿದ ಕೂಡಲೇ ಹುರುಪಿನಿಂದ ಹತ್ತು ಹೆಸರು ಹೇಳಿಬಿಡುತ್ತಿದ್ದೆ. ಹೋಗಿ ಬಂದವರಲ್ಲಿ ಕೆಲವರು ಕುಣಿದಾಡಿದರು. ಕೆಲವರು "ಚೆನ್ನಾಗಿತ್ತು, ಆದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಹೋಗಿದ್ದು ಅದೇ ಊರು, ಅದೇ ತಿಂಗಳು. ಹಾಗಾಗಿ ಈಗ ಹೆಸರು ಹೇಳುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಇಷ್ಟು ವರ್ಷದ ತಿರುಗಾಟದಲ್ಲಿ ನಿಮಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವ ಒಂದು ಗಂಟೆ ಯಾವುದು? ಊರಿನ ಹೆಸರು ಬೇಡ. ಆ ಗಂಟೆಯಲ್ಲಿ ನೀವು ಏನು ಮಾಡುತ್ತಿದ್ದಿರಿ, ಅದನ್ನು ಹೇಳಿ.

ಅಕ್ಕನ ಮಗಳು ಒಂದು ಪಟ್ಟಿ ಹಿಡಿದುಕೊಂಡು ಬಂದಿದ್ದಳು. ಜಪಾನ್, 9 ದಿನ. ಟೋಕಿಯೋ, ಹಕೋನೆ, ಕ್ಯೋಟೋ, ನಾರಾ, ಒಸಾಕಾ, ಹಿರೋಶಿಮಾ. "ಚಿಕ್ಕಮ್ಮ, ನಿಜವಾದ ಜಪಾನ್ ನೋಡಬೇಕು ನಾನು. ಇದರಲ್ಲಿ ಏನು ಬಿಟ್ಟುಹೋಗಿದೆ ಹೇಳು" ಎಂದಳು. ನಾನು ಪಟ್ಟಿ ಪಕ್ಕಕ್ಕಿಟ್ಟು ನನ್ನ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಒಂದು ಕಡಲತೀರಕ್ಕೆ ಹೋಗಿದ್ದಳಂತೆ. ಮಳೆ ಹಿಡಿದುಕೊಂಡು ಎಲ್ಲೂ ಹೋಗಲಾಗಲಿಲ್ಲ. ಒಂದು ಮಾಡಿನ ಕೆಳಗೆ ನಿಂತರೆ ಅಲ್ಲೊಬ್ಬರು ವಯಸ್ಸಾದವರು ಹರಿದ ಬಲೆ ಸರಿಮಾಡುತ್ತಾ ಕೂತಿದ್ದರು. "ಅವರ ಬೆರಳನ್ನೇ ನೋಡುತ್ತಾ ಕೂತೆ ಚಿಕ್ಕಮ್ಮ. ಮಳೆ ನಿಂತಿದ್ದೂ ಗೊತ್ತಾಗಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ."

ಅವಳ ಪ್ರವಾಸಕ್ಕೆ ಬೇಕಾದ ಉತ್ತರ ಅವಳ ಹತ್ತಿರವೇ ಇತ್ತು. ಅವಳಿಗೆ ಇಷ್ಟ ಆಗುವುದು ಕೈಕೆಲಸ ಮಾಡುವವರನ್ನು ಹತ್ತಿರದಿಂದ, ಅವಸರವಿಲ್ಲದೆ ನೋಡುವುದು. ಆದರೆ ಅವಳ ಪಟ್ಟಿಯಲ್ಲಿದ್ದ ಆರು ಊರುಗಳಲ್ಲಿ ಅದಕ್ಕೆ ಒಂದು ಗಂಟೆಯೂ ಇರಲಿಲ್ಲ.

ಅಸಲಿ ಊರು ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಡೀನ್ ಮೆಕ್ಯಾನೆಲ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪ್ರವಾಸಿಗೆ ರಂಗದ ಮೇಲಿನ ಆಟ ನೋಡಿದರೆ ಸಾಲದು, ಪರದೆಯ ಹಿಂದೆ ಇಣುಕುವ ಆಸೆ. ಆ ಆಸೆ ಇದೆ ಎಂದು ಗೊತ್ತಾದ ಮೇಲೆ ಪರದೆಯ ಹಿಂದೆಯೂ ಇನ್ನೊಂದು ರಂಗ ತಯಾರಾಗುತ್ತದೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. 'ಹಳ್ಳಿಯ ನಿಜ ಜೀವನ' ಎಂದು ಕರೆದುಕೊಂಡು ಹೋದ ಕಡೆ ನಮ್ಮ ವ್ಯಾನ್ ನಿಂತ ಮೇಲೆ ಮಗ್ಗ ಶುರುವಾಯಿತು. ಏನೋ ಮರೆತು ಐದು ನಿಮಿಷಕ್ಕೆ ವಾಪಸ್ ಹೋದೆ, ಮಗ್ಗ ನಿಂತಿತ್ತು. ನೇಯುತ್ತಿದ್ದ ಹೆಂಗಸಿನ ಮೇಲೆ ನನಗೆ ಕೋಪ ಬರಲಿಲ್ಲ. ಅದು ಅವರ ಹೊಟ್ಟೆಪಾಡು. ಆದರೆ ಅಸಲಿ ಎಂಬ ಹಣೆಪಟ್ಟಿ ನೋಡಿ ಜಾಗ ಆರಿಸುವುದನ್ನು ಅವತ್ತೇ ಬಿಟ್ಟೆ. ಆ ಹಣೆಪಟ್ಟಿ ಊರಿನವರು ಹಾಕಿಕೊಂಡಿದ್ದಲ್ಲ, ನಮಗಾಗಿ ಯಾರೋ ಹಾಕಿದ್ದು.

ಹಾಗೆಯೇ ಜನ ಜಾಸ್ತಿ ಬರುವ ಜಾಗ ಎಂದ ಮಾತ್ರಕ್ಕೆ ಅದು ಸುಳ್ಳು ಜಾಗ ಅಂತಲೂ ಅಲ್ಲ. ಕಾಂಬೋಡಿಯಾದ ಅಂಕೋರ್ ವಾಟ್ ನೋಡಿ. ಆ ದೇವಾಲಯದ ಮುಖ ಪಶ್ಚಿಮಕ್ಕಿದೆ. ಆದ್ದರಿಂದ ಬೆಳಗ್ಗೆ ಸೂರ್ಯ ಅದರ ಬೆನ್ನ ಹಿಂದೆ ಹುಟ್ಟುತ್ತಾನೆ. ಮುಂದಿನ ಕೊಳದಲ್ಲಿ ಗೋಪುರಗಳ ಪ್ರತಿಬಿಂಬ ಬೀಳುತ್ತದೆ. ಆ ಒಂದು ಚಿತ್ರಕ್ಕಾಗಿ ನೂರಾರು ಜನ ಕತ್ತಲಲ್ಲೇ ಬಂದು ಕೊಳದ ಸುತ್ತ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ನಾನೂ ನಿಂತಿದ್ದೆ. ಸೂರ್ಯ ಗೋಪುರ ದಾಟಿದ್ದೇ ತಡ, ಹೆಚ್ಚಿನವರು ತಿಂಡಿಗೆಂದು ಹೊರಟರು. ನಾನು ಸುಮ್ನೆ ಒಳಗೆ ನಡೆದುಕೊಂಡು ಹಿಂಭಾಗಕ್ಕೆ, ಪೂರ್ವದ ಮೊಗಸಾಲೆಗೆ ಹೋದೆ. ಅಲ್ಲಿ ಗೋಡೆಯುದ್ದಕ್ಕೂ ಸಮುದ್ರ ಮಥನ. ಸುಮಾರು 49 ಮೀಟರ್ ಉದ್ದದ ಉಬ್ಬುಶಿಲ್ಪ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ. ಮಧ್ಯೆ ವಿಷ್ಣು. ಪೂರ್ವದ ಗೋಡೆಯಾದ್ದರಿಂದ ಎಳೆ ಬಿಸಿಲು ಕಂಬಗಳ ಸಂದಿನಿಂದ ಓರೆಯಾಗಿ ಬಂದು ಬಿದ್ದಿತ್ತು. ಒಬ್ಬೊಬ್ಬರ ಮೊಣಕಾಲು, ಬಿಗಿದ ಹೆಗಲು, ಹಾವಿನ ಮೈಯ ಹುರುಪೆ ಎಲ್ಲ ಎದ್ದು ಕಾಣುತ್ತಿತ್ತು. ಕೆಲವು ಕಡೆ ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು, ಎಷ್ಟೋ ಕಾಲ ಕೈಗಳು ಸವರಿ ಸವರಿ ಆದ ಹೊಳಪು. ಗುಡಿಸುವ ಒಬ್ಬ ಹೆಂಗಸು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಪೊರಕೆ ಕಲ್ಲಿಗೆ ತಾಗುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನನ್ನ ಆ 'ಒಂದು ಗಂಟೆ' ಅದು. ಜಗತ್ತಿನಲ್ಲೇ ಜನಜಂಗುಳಿಯ ಜಾಗಗಳಲ್ಲೊಂದರಲ್ಲಿ, ಜನರಿಂದ ನಾನೂರು ಹೆಜ್ಜೆ ದೂರದಲ್ಲಿ.

ಆದ್ದರಿಂದ "ಯಾರಿಗೂ ಗೊತ್ತಿಲ್ಲದ ಜಾಗ ಹೇಳಿ" ಎಂದು ಕೇಳುವವರಿಗೆ ನಾನು ಹೇಳುವುದೇ ಇಲ್ಲ. ಬೇಸರ ಮಾಡಿಕೊಳ್ಳಬೇಡಿ. ಅಂಥ ಜಾಗಗಳಿಗೆ ಏನಾಗುತ್ತದೆ ಎಂದು ನೋಡಿದ್ದೇವೆ. ಥಾಯ್ಲೆಂಡಿನ ಮಾಯಾ ಬೇ ಒಂದು ಪುಟ್ಟ ಕೊಲ್ಲಿ. ಸಿನಿಮಾ ಒಂದರಲ್ಲಿ ಕಾಣಿಸಿಕೊಂಡ ಮೇಲೆ ದಿನಕ್ಕೆ ಸಾವಿರಾರು ಜನ ಬರತೊಡಗಿದರು. ದೋಣಿಗಳ ಲಂಗರು ಬಿದ್ದು ಬಿದ್ದು ಹವಳ ಸತ್ತಿತು. 2018ರಲ್ಲಿ ಅದನ್ನು ಮುಚ್ಚಬೇಕಾಯಿತು. ಮತ್ತೆ ತೆರೆದಿದ್ದು 2022ರಲ್ಲಿ, ಅದೂ ಇಷ್ಟೇ ಜನ ಎಂದು ಮಿತಿ ಹಾಕಿ. ಮುಚ್ಚಿದ್ದಾಗ ಹವಳದ ನಡುವೆ ಬದುಕುವ ರೀಫ್ ಶಾರ್ಕ್‌ಗಳು ವಾಪಸ್ ಬಂದವು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಇನ್ನೊಂದು. ಎಂಟು ನೂರು ಜನವೂ ಇಲ್ಲದ ಊರಿಗೆ ಸೀಸನ್ನಿನಲ್ಲಿ ದಿನಕ್ಕೆ ಹತ್ತು ಸಾವಿರ ಜನ ಬಂದರೆ ಊರಿನವರು ಉಸಿರಾಡುವುದು ಹೇಗೆ? 2023ರಲ್ಲಿ ಅವರು ರಸ್ತೆಗಿಳಿದು ಪ್ರತಿಭಟಿಸಿದರು. ಗುಟ್ಟಿನ ಜಾಗ ಹುಡುಕುವುದಕ್ಕಿಂತ ಗೊತ್ತಿರುವ ಜಾಗದಲ್ಲಿ ಒಂದು ರಾತ್ರಿ ಜಾಸ್ತಿ ಉಳಿಯಿರಿ ಎಂದು ನಾನು ಹೇಳುತ್ತೇನೆ. ವೆನಿಸ್ 2024ರಿಂದ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ಹಾಕಿದೆಯಲ್ಲ, ಅದು ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ. ಊರಲ್ಲಿ ತಂಗುವವರು ಆ ಶುಲ್ಕ ಕಟ್ಟಬೇಕಿಲ್ಲ. ಅಲ್ಲಿ ಬೆಳಗ್ಗೆ ಆರಕ್ಕೆ ಎದ್ದು ಹೊರಗೆ ಬಂದರೆ ಕಾಲುವೆಯಲ್ಲಿ ಸಾಮಾನಿನ ದೋಣಿಗಳು. ಹಾಲು, ತರಕಾರಿ, ಬಟ್ಟೆಯ ಮೂಟೆ ಎಲ್ಲ ದೋಣಿಯಿಂದ ಕೈಗಾಡಿಗೆ, ಕೈಗಾಡಿಯಿಂದ ಸೇತುವೆಯ ಮೆಟ್ಟಿಲು ಹತ್ತಿ ಅಂಗಡಿಗೆ. ಕಾರಿಲ್ಲದ ಊರು ಬದುಕುವುದು ಹೇಗೆ ಎಂದು ಹತ್ತು ಗಂಟೆಗೆ ಬಂದವರಿಗೆ ಕಾಣುವುದೇ ಇಲ್ಲ.

ಯಾವಾಗ ಹೋಗುತ್ತೀರಿ ಎನ್ನುವುದು ಎಲ್ಲಿಗೆ ಹೋಗುತ್ತೀರಿ ಎನ್ನುವಷ್ಟೇ ದೊಡ್ಡ ವಿಷಯ. ಇದರಲ್ಲಿ ಎಡವುವವರೇ ಜಾಸ್ತಿ. ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನ ಫೋಟೋ ನೋಡಿರುತ್ತೀರಿ, ಆಕಾಶವೇ ನೆಲಕ್ಕೆ ಇಳಿದಂತೆ. ಆ ಕನ್ನಡಿ ಇರುವುದು ಮಳೆಗಾಲದಲ್ಲಿ ಮಾತ್ರ, ಜನವರಿಯಿಂದ ಮಾರ್ಚ್ ಆಸುಪಾಸು. ಆಗಸ್ಟಿನಲ್ಲಿ ಹೋದರೆ ಸಿಗುವುದು ಒಣಗಿ ಬಿರಿದ ಬಿಳಿ ನೆಲ. ಅದೂ ಸುಂದರವೇ, ಆದರೆ ನೀವು ಹೊರಟಿದ್ದು ಅದಕ್ಕಲ್ಲ. ರಾತ್ರಿಯ ಆಕಾಶದಲ್ಲಿ ಬಣ್ಣ ಆಡುವ ಧ್ರುವದ ಬೆಳಕು ನೋಡಲೆಂದು ಜೂನ್ ತಿಂಗಳಲ್ಲಿ ನಾರ್ವೆಯ ಟ್ರೋಮ್ಸೋಗೆ ಟಿಕೆಟ್ ತೆಗೆಯಲು ಹೊರಟವರೊಬ್ಬರನ್ನು ನಾನೇ ತಡೆದಿದ್ದೇನೆ. ಸುಮಾರು ಮೇ 20ರಿಂದ ಜುಲೈ 22ರವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಕತ್ತಲೇ ಇಲ್ಲದ ಮೇಲೆ ಆ ಬೆಳಕು ಕಾಣುವುದೆಲ್ಲಿಂದ?

ಹವಾಮಾನದ ಜೊತೆಗೆ ಆ ದೇಶದ ರಜಾ ಪಟ್ಟಿಯನ್ನೂ ನೋಡಿ. ಚೀನಾದಲ್ಲಿ ಅಕ್ಟೋಬರ್ ಮೊದಲ ವಾರ ಇಡೀ ದೇಶವೇ ಪ್ರಯಾಣದಲ್ಲಿರುತ್ತದೆ. ಜಪಾನಿನಲ್ಲಿ ಏಪ್ರಿಲ್ 29ರಿಂದ ಮೇ 5ರವರೆಗೆ ರಜೆಗಳು ಒಂದರ ಹಿಂದೆ ಒಂದು ಬರುತ್ತವೆ, ಅದಕ್ಕೆ ಗೋಲ್ಡನ್ ವೀಕ್ ಎನ್ನುತ್ತಾರೆ. ಅಕ್ಕನ ಮಗಳು ಸರಿಯಾಗಿ ಅದೇ ವಾರ ಹೊರಟಿದ್ದಳು. ಎರಡು ವಾರ ಮುಂದೆ ಹಾಕಿಸಿದೆ. ವಾರದ ರಜೆಯೂ ಅಷ್ಟೇ. ಪ್ಯಾರಿಸ್ಸಿನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ತಾಜ್ ಮಹಲ್ ಶುಕ್ರವಾರ. ಸಾವಿರಾರು ಮೈಲಿ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದವರನ್ನು ಕಂಡರೆ ಸಂಕಟವಾಗುತ್ತದೆ. ಎರಡು ನಿಮಿಷದ ಕೆಲಸ ಅಲ್ವಾ ಅದು?

ಇನ್ನು ದಿನಗಳ ಲೆಕ್ಕ. ಅಕ್ಕನ ಮಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. 9 ದಿನದಲ್ಲಿ ಇಳಿಯುವ ದಿನ, ಹೊರಡುವ ದಿನ ಕಳೆದರೆ 7. ಆರು ಊರು ಎಂದರೆ ಐದು ಸಲ ಗಂಟುಮೂಟೆ ಕಟ್ಟಬೇಕು. ಬ್ಯಾಗು ತುಂಬಿ, ರೂಮು ಖಾಲಿ ಮಾಡಿ, ಸ್ಟೇಷನ್ ತಲುಪಿ, ರೈಲು ಹತ್ತಿ ಇಳಿದು, ಹೊಸ ರೂಮಿನ ಕೀಲಿ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಒಂದು ಸಲಕ್ಕೆ ಅರ್ಧ ದಿನ ಅಂತ ಹಿಡಿದರೂ ಎರಡೂವರೆ ದಿನ ಹೋಯಿತು. ಉಳಿದಿದ್ದು ನಾಲ್ಕೂವರೆ ದಿನ, ಆರು ಊರಿಗೆ. ಕಾಗದದ ಮೇಲೆ ಬರೆದು ತೋರಿಸಿದಾಗ ಅವಳ ಮುಖ ಸಣ್ಣದಾಯಿತು. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಒಂದು ಊರಿಗೆ ಮೂರು ರಾತ್ರಿಗಿಂತ ಕಡಿಮೆ ಬೇಡ. ಮೊದಲ ದಿನ ದಾರಿ ತಪ್ಪುತ್ತೀರಿ. ಎರಡನೇ ದಿನ ನೋಡಬೇಕಾದ್ದನ್ನು ನೋಡುತ್ತೀರಿ. ಮೂರನೇ ದಿನ ಬೀದಿ ಕೊನೆಯ ಅಂಗಡಿಯವರು ನಿಮ್ಮನ್ನು ನೋಡಿ ತಲೆ ಆಡಿಸುತ್ತಾರೆ. ನಿಜವಾದ ಜನ ನೋಡಬೇಕು ಎನ್ನುತ್ತೀರಲ್ಲ, ಅದು ಶುರುವಾಗುವುದು ಆ ಮೂರನೇ ದಿನ.

ದೇಹದ ಮಾತನ್ನೂ ಕೇಳಬೇಕು. ಪೆರುವಿನ ಕುಸ್ಕೋ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ನೋಡಲು ಹೋಗುವ ಹಳೆಯ ಇಂಕಾ ನಗರ ಮಾಚು ಪಿಚು ಸುಮಾರು 2,430 ಮೀಟರ್. ವಿಮಾನ ಇಳಿದು ಕುಸ್ಕೋದ ಎತ್ತರ ಒಗ್ಗದೆ ತಲೆ ಹಿಡಿದುಕೊಂಡು ಮಲಗುವುದಕ್ಕಿಂತ ಮೊದಲು ಕೆಳಗಿನ ಕಣಿವೆಗೆ ಹೋಗಿ ಎರಡು ರಾತ್ರಿ ಇದ್ದು, ಆಮೇಲೆ ಮೇಲಕ್ಕೆ ಬರುವುದು ಒಳ್ಳೆಯದು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಅವರ ಕಾಲಿನ ವೇಗವೇ ನಿಮ್ಮ ವೇಗ. ಅದನ್ನು ಒಪ್ಪಿಕೊಂಡು ಊರು ಆರಿಸಿ. ಮತ್ತು ಜೊತೆಗೆ ಬರುವ ಪ್ರತಿಯೊಬ್ಬರಿಗೂ ಆ 'ಒಂದು ಗಂಟೆ'ಯ ಪ್ರಶ್ನೆ ಕೇಳಿ. ಗಂಡನಿಗೆ ಬೆಟ್ಟ, ಹೆಂಡತಿಗೆ ಹಳೆಯ ಬೀದಿ ಎಂದು ಮನೆಯಲ್ಲೇ ಗೊತ್ತಾದರೆ ಎರಡೂ ಹತ್ತಿರವಿರುವ ಊರು ಹುಡುಕಬಹುದು. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಜಗಳ.

ಅಕ್ಕನ ಮಗಳ ಪಟ್ಟಿ ಕೊನೆಗೆ ಹೀಗಾಯಿತು. ಒಸಾಕಾದಲ್ಲಿ ಇಳಿದು ನೇರ ಕ್ಯೋಟೋಗೆ, ಅಲ್ಲಿ ಮೂರು ರಾತ್ರಿ. ಕನಜಾವಾದಲ್ಲಿ ನಾಲ್ಕು. ಅಲ್ಲಿಂದ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆಗೆ ಟೋಕಿಯೋ, ವಿಮಾನ ಹಿಡಿಯಲೆಂದಷ್ಟೇ ಒಂದು ರಾತ್ರಿ ಇದ್ದು ವಾಪಸ್. ಕನಜಾವಾ ಯಾಕೆ ಎಂದರೆ ಜಪಾನಿನ ಚಿನ್ನದ ರೇಕು ಬಹುತೇಕ ಎಲ್ಲವೂ ತಯಾರಾಗುವುದು ಆ ಒಂದು ಊರಿನಲ್ಲಿ. ಬಡಿದು ಬಡಿದು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಮಾಡುತ್ತಾರೆ.

ಅವಳು ಹೋಗಿದ್ದು ಪ್ರವಾಸಿಗರಿಗೆಂದೇ ಬಾಗಿಲು ತೆರೆದಿಟ್ಟ ಕಾರ್ಯಾಗಾರಕ್ಕೆ. ಗುಟ್ಟಿನ ಜಾಗವೇನಲ್ಲ, ಯಾರು ಬೇಕಾದರೂ ಹೋಗಬಹುದು. ಬಂದವರು ಹತ್ತು ನಿಮಿಷ ನೋಡಿ, ಅಂಗಡಿ ಕಡೆಗೆ ಹೋಗುತ್ತಿದ್ದರಂತೆ. ಇವಳು ಒಂದು ಬೆಳಗ್ಗೆ ಪೂರ್ತಿ ಕೂತಳು. ಮಾರನೇ ದಿನ ಮತ್ತೆ ಹೋದಳು. ಕೆಲಸ ಮಾಡುತ್ತಿದ್ದ ಅಜ್ಜಿ ಗುರುತು ಹಿಡಿದು ಎದುರಿನ ಸ್ಟೂಲನ್ನು ಕೈಯಿಂದ ತೋರಿಸಿದರು, ಕೂತುಕೋ ಎನ್ನುವಂತೆ. ಫ್ಯಾನ್ ಇಲ್ಲ, ಗಾಳಿಯಾಡಿದರೆ ರೇಕು ಹಾರಿಹೋಗುತ್ತದೆ. ಬಿದಿರಿನ ಚಿಮಟದಲ್ಲಿ ಒಂದು ರೇಕು ಎತ್ತಿ, ಚರ್ಮದ ಹಲಗೆಯ ಮೇಲೆ ಇಳಿಸಿ, ಅದರ ನಡುವಿಗೆ ಮೆಲ್ಲಗೆ ಒಮ್ಮೆ ಉಫ್ ಎಂದು ಊದುತ್ತಾರೆ. ಸುಕ್ಕೆಲ್ಲ ಹೋಗಿ ರೇಕು ಹಾಸಿಕೊಳ್ಳುತ್ತದೆ.

ಬಂದ ಮೇಲೆ ಫೋಟೋ ತೋರಿಸು ಎಂದೆ. "ತೆಗೆಯಲೇ ಇಲ್ಲ ಚಿಕ್ಕಮ್ಮ" ಎಂದಳು. "ನನ್ನ ಉಸಿರು ತಾಗಿ ಹಾರಿಬಿಟ್ಟರೆ ಅಂತ ನಾನು ಉಸಿರು ಬಿಗಿಹಿಡಿದು ಕೂತಿದ್ದೆ."